ಮಾವನ ಜೋಡಿ ಗುಂಡು

ಪಂಚಾಯ್ತಿ ಮೆಂಬರ್ ಆಗಿದ್ದ ವರ್ಷಗಳಲ್ಲಿ ಊರಿನವರು ನನಗೆ ಕೊಟ್ಟಿದ್ದ ಬಿರುದು ಒಂದೇ: ಅಡ್ಡಗೋಡೆ ಮೇಲಿನ ದೀಪ. ಈ ಕಡೆಯವರನ್ನು ಕೇಳಿದರೆ ನಾನು ಆ ಕಡೆಯವಳು, ಆ ಕಡೆಯವರನ್ನು ಕೇಳಿದರೆ ಈ ಕಡೆಯವಳು. "ತಪ್ಪು ಇಬ್ಬರದೂ ಇದೆ" ಅಂತ ನಾನು ಬಾಯಿ ಬಿಟ್ಟರೆ ಸಾಕು, ಅಲ್ಲಿಯವರೆಗೆ ಕಚ್ಚಾಡುತ್ತಿದ್ದವರೆಲ್ಲ ಒಂದಾಗಿ ನನ್ನ ಮೇಲೆ ಬೀಳುತ್ತಿದ್ದರು. "ಊರನ್ನ ಒಂದು ಮಾಡೋಕೆ ಅದೂ ಒಂದು ದಾರಿಯೇ ಬಿಡು" ಅಂತ ನನ್ನ ಮಾವ ನಗುತ್ತಿದ್ದರು.

ಚುನಾವಣೆಗೆ ನನ್ನನ್ನು ನಿಲ್ಲಿಸಿದವರೂ ಅವರೇ. ನಾನು ಕುಶಾಲನಗರದ ಕಡೆಯಿಂದ ಬಂದ ಸೊಸೆ. ಈ ಮನೆಯವರಾಡುವ ಅರೆಭಾಷೆ ಕನ್ನಡ ನನ್ನ ಬಾಯಲ್ಲಿ ಇವತ್ತಿಗೂ ಅರ್ಧಂಬರ್ಧವೇ. ಇಲ್ಲಿಯ ಹಳೆಯ ಜಗಳಗಳಲ್ಲಿ ನನ್ನ ತವರಿನವರು ಯಾರೂ ಇರಲಿಲ್ಲ ಅನ್ನುವುದೇ ಮಾವನ ಕಣ್ಣಿಗೆ ನನ್ನ ದೊಡ್ಡ ಯೋಗ್ಯತೆಯಾಗಿತ್ತು. ಯಾವ ಪಕ್ಷದ ಶಾಲನ್ನೂ ಹೆಗಲಿಗೆ ಹಾಕಿಕೊಳ್ಳಬೇಡ, ನಿನ್ನ ಸೆರಗು ಸಾಕು ಅಂದಿದ್ದರು.

ಇಲ್ಲಿ ನಮ್ಮವರಲ್ಲಿ ಸಾವಿನ ಸುದ್ದಿಯನ್ನು ಊರಿಗೆ ಮುಟ್ಟಿಸುವುದು ಕೋವಿ. ಉಸಿರು ನಿಂತಿತು ಅಂದಮೇಲೆ ಮನೆಯವರೊಬ್ಬರು ಅಂಗಳಕ್ಕಿಳಿದು ಒಂದರ ಹಿಂದೆಯೇ ಇನ್ನೊಂದು, ಎರಡು ಗುಂಡು ಹಾರಿಸುತ್ತಾರೆ. ಗದ್ದೆಯಲ್ಲಿದ್ದವರಿಗೆ, ತೋಟದಲ್ಲಿದ್ದವರಿಗೆ, ಗುಡ್ಡದಾಚೆಯ ಮನೆಯವರಿಗೂ ಕೇಳಬೇಕು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು. ಮದುವೆಯಾದ ಹೊಸತರಲ್ಲಿ ಮೊದಲ ಸಲ ಆ ಸದ್ದು ಕೇಳಿದಾಗ ನಾನು ಮಂಚದ ಕೆಳಗೆ ನುಗ್ಗಿದ್ದೆ. ಮಾವ ಬಗ್ಗಿ ನೋಡಿ, "ಹೆದರಬೇಡ ಮಗಳೇ, ಯಾರೋ ಹೋದ್ರು. ನಮ್ಮನ್ನ ಕರೀತಾ ಇದ್ದಾರೆ ಅಷ್ಟೆ" ಅಂದರು. ಆಮೇಲೆ ಆ ಕಥೆಯನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿ ನಗಿಸಬಹುದಾದ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗಂಡಸರು ಕಡಿಮೆ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅದಕ್ಕೇ.

ಮಾವ ಹಾಸಿಗೆ ಹಿಡಿದಿದ್ದ ವರ್ಷ ಗಣೇಶನ ವಿಸರ್ಜನೆಯೂ ಈದ್ ಮಿಲಾದ್ ಮೆರವಣಿಗೆಯೂ ಒಂದೇ ವಾರಕ್ಕೆ ಬಂದವು. ಪೇಟೆಯಲ್ಲಿ ಯಾವ ಕಂಬಕ್ಕೆ ಯಾರ ಬಂಟಿಂಗ್ಸ್ ಅನ್ನುವ ಮಾತು ಬೆಳೆದು ಕಲ್ಲು ಬಿತ್ತು, ಒಬ್ಬ ಆಟೋದವನ ತಲೆ ಒಡೆಯಿತು. ಮಾರನೆಯ ಸಂಜೆ ಯಾರೋ ಗದ್ದೆಗೆ ಬಂದ ಹಂದಿಗೆ ಗುಂಡು ಹಾರಿಸಿದರು. ಬೇರೆ ದಿನವಾಗಿದ್ದರೆ ಪೇಟೆಯವರು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅವತ್ತು ಮಾತ್ರ ಗಲಾಟೆ ಶುರುವಾಯ್ತು ಅಂತ ಜನ ದಿಕ್ಕಾಪಾಲಾಗಿ ಓಡಿದರು. ನೂಕುನುಗ್ಗಲಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಚರಂಡಿಗೆ ಬಿದ್ದು ಕೈ ಮುರಿದುಕೊಂಡಳು. ಅವಳು ಆಸ್ಪತ್ರೆ ಮುಟ್ಟುವ ಮೊದಲೇ ವಾಟ್ಸಾಪಿನಲ್ಲಿ ಅವಳಿಗೆ ಗುಂಡು ತಗುಲಿತ್ತು.

ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆದರು. ಎಲ್ಲರೂ ನಾವು ಅಣ್ಣತಮ್ಮಂದಿರ ಹಾಗಿದ್ದೇವೆ ಅಂದರು. ಹಾಗಿದ್ದಿದ್ದರೆ ಸಭೆ ಯಾಕೆ ಬೇಕಿತ್ತು ಅಂತ ನನಗೆ ಸಿಟ್ಟು ಬಂತು. ಎದ್ದು ನಿಂತು, ಎರಡೂ ಮೆರವಣಿಗೆ ಮುಗಿಯುವವರೆಗೆ ಯಾರೂ ಯಾವ ಕಾರಣಕ್ಕೂ ಪಟಾಕಿ ಸಿಡಿಸಬಾರದು, ಗುಂಡು ಹಾರಿಸಬಾರದು ಅಂದೆ. ಎದುರಿಗೆ ಮಸೀದಿ ಕಮಿಟಿಯ ಅಧ್ಯಕ್ಷರಾಗಿ, ಊರೆಲ್ಲ ಕಾಕ ಅಂತ ಕರೆಯುವ ಹಿರಿಯರು ಕೂತಿದ್ದರು. ಪೇಟೆಯಲ್ಲಿ ಕರಿಮೆಣಸು ಕೊಳ್ಳುವ ವ್ಯಾಪಾರಿ. ನಮ್ಮ ಮೆಣಸನ್ನು ಹಲ್ಲಿನಲ್ಲಿ ಕಚ್ಚಿ ನೋಡಿ "ಒಣಗಿಲ್ಲ" ಅನ್ನುವುದು, ಅದಕ್ಕೆ ಮಾವ ರೇಗುವುದು, ಕೊನೆಗೆ ಅಲ್ಲೇ ಕೂತು ಇಬ್ಬರೂ ಚಹಾ ಕುಡಿಯುವುದು, ನಾನು ಬಂದಾಗಿನಿಂದ ನೋಡಿದ್ದ ನಾಟಕ. ಕಾಕ ನನ್ನ ಮಾತಿಗೆ ಹೂಂ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡೂ ಕಡೆಯವರು ನನಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ಆ ಖುಷಿಯಲ್ಲಿ ಠಾಣೆಯ ಬಿಸ್ಕತ್ತು ತಿನ್ನುತ್ತಾ ಕೂತವಳಿಗೆ ಮನೆಯಲ್ಲಿರುವ ಮಾವ ನೆನಪಿಗೇ ಬರಲಿಲ್ಲ.

ಅವರು ಹೋಗಿದ್ದು ಆ ವಾರದಲ್ಲೇ, ಬೆಳಿಗ್ಗೆ, ಅತ್ತೆ ಕುಡಿಸಿದ ಗಂಜಿಯ ನೀರು ಇನ್ನೂ ತುಟಿಯ ಮೇಲಿರುವಾಗ. ನಾನು ಅವರ ಕಾಲು ಹಿಡಿದು ಅಳುತ್ತಿದ್ದೆ. ಹಿಂದೆ ಕಪಾಟಿನ ಬಾಗಿಲು ತೆಗೆದ ಸದ್ದಾಯಿತು. ತಿರುಗಿದರೆ ಭಾವ, ಅಂದರೆ ನನ್ನ ಗಂಡನ ಅಣ್ಣ, ಕೋವಿ ಹಿಡಿದು ನಿಂತಿದ್ದಾರೆ. ಗಣೇಶನ ಮೆರವಣಿಗೆಯ ಮುಂದಾಳು ಅವರೇ. ಆ ವಾರವಿಡೀ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಭಾವ, ಸ್ವಲ್ಪ ತಡೀರಿ" ಅಂದೆ.

"ನಿನ್ನ ಮೀಟಿಂಗಿಗೋಸ್ಕರ ನನ್ನ ಅಪ್ಪ ನಾಯಿ ಸತ್ತ ಹಾಗೆ ಸದ್ದಿಲ್ಲದೆ ಹೋಗ್ಬೇಕಾ?"

ಗುಂಡು ಹಾರಿಸದೆ ಮಾವನನ್ನು ಕಳಿಸುವುದು ನನ್ನಿಂದಲೂ ಆಗದ ಮಾತು. ಹಾರಿಸಿದರೆ ಪೇಟೆಯಲ್ಲಿ ಮತ್ತೆ ಯಾರು ಬೀಳುತ್ತಾರೋ, ಯಾರ ಅಂಗಡಿಗೆ ಬೆಂಕಿ ಬೀಳುತ್ತದೋ. ಫೋನ್ ಮಾಡಿ ಎಲ್ಲರಿಗೂ ತಿಳಿಸೋಣ ಅಂತ ನನ್ನ ಗಂಡ ಅಂದರು. ಭಾವ ಅವರನ್ನು ನೋಡಿದ ನೋಟಕ್ಕೆ ಮಾತು ಅಲ್ಲಿಗೇ ನಿಂತಿತು. ನಾನು ಹಿತ್ತಲಿಗೆ ಹೋಗಿ ಕಾಕನಿಗೆ ಫೋನ್ ಮಾಡಿದೆ. ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. "ಮಾವ ಹೋದ್ರು ಕಾಕ" ಅಂದೆ, ಅಷ್ಟೇ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, "ಗುಂಡು ಕೇಳ್ಲಿಲ್ವಲ್ಲ ಮೋಳೇ?" ಅಂದರು. ಅವರ ಮಲಯಾಳದಲ್ಲಿ ನಾನು ಯಾವಾಗಲೂ ಮೋಳೇ, ಮಗಳು.

ಅದನ್ನು ಕೇಳಿ ನನಗೆ ಮತ್ತೆ ಅಳು ಬಂತು. ಅವರೇ ಹೇಳಿದರು: "ಮಸೀದಿ ಮೈಕಲ್ಲಿ ನಾನು ಹೇಳ್ತೇನೆ. ಸಾವಿನ ಗುಂಡು, ಹೆದರ್ಬೇಡಿ ಅಂತ. ನಾನು ಹೇಳಿ ಮುಗಿಸಿದ ಮೇಲೆ ಹೊಡೀಲಿ. ಮೊದಲು ಬೇಡ."

ಠಾಣೆಗೂ ತಿಳಿಸಿದೆ. ಎಸ್.ಐ. ನಿಟ್ಟುಸಿರು ಬಿಟ್ಟು, "ಮೇಡಂ, ರೂಲ್ಸ್ ಮಾಡಿದ್ದೂ ನೀವೇ. ಪೇಟೆಯಲ್ಲಿ ನಾನೇ ಹೋಗಿ ನಿಲ್ತೇನೆ, ಬೇಗ ಮುಗಿಸಿ" ಅಂದರು. ಇನ್ನು ಉಳಿದದ್ದು ಭಾವ. ಹೇಳಿದಾಗ ಅವರ ಮುಖ ಕೆಂಪಾಯಿತು.

"ನನ್ನಪ್ಪನ ಸಾವಿಗೆ ಮಸೀದಿ ಮೈಕಿನ ಅಪ್ಪಣೆ ಬೇಕಾ?"

ನಾನೂ ಬಿಡಲಿಲ್ಲ. "ಅವರಪ್ಪನ ಸಾವೇ ಅನ್ನೋ ಹಾಗೆ ಅವರು ಮೈಕ್ ಹಿಡೀತಿದ್ದಾರೆ. ನಿಮಗೆ ಒಂದು ಗಳಿಗೆ ಕಾಯೋಕಾಗಲ್ವಾ?" ಅಂದೆ. ಹೆಣದ ಮುಂದೆ ಭಾವನ ಎದುರು ಹಾಗೆ ದನಿ ಎತ್ತಿದ್ದು ಸರಿಯಲ್ಲ. ಇಬ್ಬರೂ ಏದುಸಿರು ಬಿಡುತ್ತಾ ನಿಂತಿದ್ದೆವು.

ಅತ್ತೆ ಮಾವನ ತಲೆಯ ಹತ್ತಿರ ಕೂತು ಅವರ ಹಣೆಯ ಕೂದಲು ಸರಿಮಾಡುತ್ತಿದ್ದರು. ತಲೆ ಎತ್ತದೆಯೇ ಮಗನಿಗೆ ಹೇಳಿದರು: "ಗುಂಡು ಹೊಡ್ಯದು ಜನ ಬರ್ಲಿ ಅಂತ ಮಗಾ, ಓಡಿಹೋಗ್ಲಿ ಅಂತ ಅಲ್ಲ."

ಭಾವ ಕೋವಿ ತೆಗೆದುಕೊಂಡು ಅಂಗಳಕ್ಕಿಳಿದು, ಗದ್ದೆಯಾಚೆ ಕಾಣುವ ಮಸೀದಿಯ ಕಡೆ ಮುಖ ಮಾಡಿ ನಿಂತರು. ನಾವೆಲ್ಲ ಜಗಲಿಯಲ್ಲಿ ನಿಂತೆವು. ಕಾಯುವ ಹೊತ್ತು ಉದ್ದವಾಯಿತು. ಕಾಕನಿಗೆ ಅಲ್ಲಿ ಅವರದೇ ಹುಡುಗರು ಅಡ್ಡ ನಿಂತಿದ್ದರಂತೆ, ಆಮೇಲೆ ತಿಳಿಯಿತು. ಮೈಕಿನ ಮೇಲೆ ಮೊದಲೇ ದೂರುಗಳಿದ್ದವು. ನಮಾಜಿಗೆ ಕರೆಯುವ ಬಾಂಗನ್ನು ಬಿಟ್ಟು ಬೇರೆಯದಕ್ಕೆ ಬಳಸಿದರು ಅಂತ ಇನ್ನೊಂದು ಕೇಸಾದರೆ ಯಾರು ಹೊಣೆ ಅಂತ ಕೇಳಿದ್ದರಂತೆ. ನಾನೇ ಅಂತ ಹೇಳಿ ಕಾಕ ಒಳಗೆ ಹೋಗಿದ್ದರು. ಮುಂದಿನ ಕಮಿಟಿಯಲ್ಲಿ ಅವರಿರಲಿಲ್ಲ. ಮುಂದಿನ ಚುನಾವಣೆಯಲ್ಲಿ ನಾನೂ ಸೋತೆ. ಮದ್ದಳೆಗೆ ಎರಡೂ ಕಡೆ ಪೆಟ್ಟು ಅನ್ನುವುದು ಸುಳ್ಳಲ್ಲ.

ಕೊನೆಗೂ ಮೈಕ್ ಕರಕರ ಅಂದಿತು. ಕಾಕ ಮೊದಲು ನಮ್ಮ ಮನೆಯ ಹೆಸರು ಹೇಳಿದರು, ಆಮೇಲೆ ಮಾವನ ಹೆಸರು. ಅಂಗಡಿಯಲ್ಲಿ ಮೆಣಸಿನ ಜಗಳಕ್ಕೆ ಕರೆಯುತ್ತಿದ್ದ ಹೆಸರೇ, ಹಿಂದೆ ಮುಂದೆ ಏನೂ ಇಲ್ಲ. "ತೀರಿಹೋದ್ರು. ಈಗ ಅವರ ಮನೆಯಲ್ಲಿ ಎರಡು ಗುಂಡು ಹಾರಿಸ್ತಾರೆ. ಅದು ಸಾವಿನ ಗುಂಡು. ಯಾರೂ ಹೆದರ್ಬೇಡಿ, ಯಾರೂ ಓಡ್ಬೇಡಿ." ಅದನ್ನೇ ಮಲಯಾಳದಲ್ಲೂ ಹೇಳಿದರು. ಮುಗಿಯಿತು ಅಂದುಕೊಂಡು ಭಾವ ಕೋವಿ ಎತ್ತಿದರು. ಆದರೆ ಮೈಕ್ ಆರಿರಲಿಲ್ಲ. "ಒಳ್ಳೇ ಮನುಷ್ಯ" ಅಂದಿತು ಆ ದನಿ, ಮತ್ತೆ ಕನ್ನಡದಲ್ಲಿ, ಯಾರಿಗೆ ಅಂತಲ್ಲದೆ. ಆಮೇಲೆ ಟಕ್ ಅಂತ ನಿಂತಿತು.

ಭಾವ ಎರಡೂ ಗುಂಡು ಹಾರಿಸಿದರು. ಕಾಗೆಗಳು ಎದ್ದವು. ನಾನು ಕಿವಿಗೊಟ್ಟು ನಿಂತೆ: ಕೂಗಾಟ ಕೇಳುತ್ತದಾ, ಪೊಲೀಸ್ ಜೀಪಿನ ಸೈರನ್ ಕೇಳುತ್ತದಾ ಅಂತ. ಏನೂ ಇಲ್ಲ. ಜೀವ ಬಂದ ಹಾಗಾಯಿತು. ಅದರ ಹಿಂದೆಯೇ ಇನ್ನೊಂದು ಭಯ ಹುಟ್ಟಿತು. ಓಡಲಿಲ್ಲ ಸರಿ, ಯಾರಾದರೂ ಬರುತ್ತಾರಾ? ಇಂಥ ವಾರದಲ್ಲಿ ಮನೆ ಬಿಟ್ಟು ಹೊರಡುವವರು ಯಾರು?

ಮೊದಲು ಮೇಲಿನ ಮನೆಯವರು ಬಂದರು. ಆಮೇಲೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಕೆಸರುಗಾಲಲ್ಲೇ ಬಂದರು. ಭಾವನ ಗಣೇಶನ ಹುಡುಗರು ಬಂದು ಚಪ್ಪರಕ್ಕೆ ಬಿದಿರು ಕಡಿಯಲು ಹೋದರು. ಸ್ವಲ್ಪ ಹೊತ್ತಿಗೆ ಗದ್ದೆಯ ಏರಿಯ ಮೇಲೆ ಬಿಳಿ ಪಂಚೆ ಉಟ್ಟವರ ಸಾಲು ಕಾಣಿಸಿತು. ಮುಂದೆ ಕಾಕ, ಹಿಂದೆ ಪೇಟೆಯ ವ್ಯಾಪಾರಿಗಳು. ಬೇಲಿ ದಾಟಲು ಇಟ್ಟ ತಡಮೆಯ ಹತ್ತಿರ ಬಂದು ಕಾಕ ನಿಂತುಬಿಟ್ಟರು. ಒಳಗೆ ಯಾರ ಯಾರ ಮನಸ್ಸು ಹೇಗಿದೆಯೋ ಅಂತ ಇರಬೇಕು. ಅಂಗಳದಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ನಾನು ಹೆಜ್ಜೆ ಇಡುವ ಮೊದಲೇ ಭಾವ ಕೋವಿಯನ್ನು ಗೋಡೆಗೆ ಒರಗಿಸಿ ತಡಮೆಯ ತನಕ ನಡೆದರು.

"ಕೇಳಿತಾ ಕಾಕ?" ಅಂದರು. ಶಾಲೆಯ ಮಗು ಕೇಳಿದ ಹಾಗಿತ್ತು.

"ಕೇಳಿತು ಮೋನೇ. ಎರಡೂ ಕೇಳಿತು."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಎಲ್ಲರ ಮೇಲೆ ಹರಿಹಾಯುತ್ತಿದ್ದ ಭಾವ, ತಡಮೆಯ ಮೇಲಿಂದಲೇ ಕಾಕನ ಹೆಗಲು ಹಿಡಿದುಕೊಂಡು ಅಪ್ಪಾ ಅಂತ ಅತ್ತುಬಿಟ್ಟರು.