ಕೆಮ್ಮಿನ ಇಂಚು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಕೆಮ್ಮಿನ ಟೈಲರ್ ಎಂದು. ಎದೆಯಲ್ಲಿ ಕಫವಿಲ್ಲ, ಬೀಡಿ ಸಿಗರೇಟಿನ ಚಟವಿಲ್ಲ. ಆದರೂ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದೊಡನೆ ಮಹಾರಾಯನಿಗೆ ಕೆಮ್ಮು ಬರುತ್ತಿತ್ತು. ಅದರ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ಅಳತೆ ಪುಸ್ತಕ ಹಿಡಿದು ಕೂರುವ ಹೆಂಡತಿಗೆ ಮಾತ್ರ. ಗಿರಾಕಿಯ ಸೊಂಟ ಬೆಳೆದಿದ್ದರೆ ಅವನು ಹಳೆಯ ಅಳತೆಯನ್ನೇ ಗಟ್ಟಿಯಾಗಿ ಕೂಗಿ, ಬೆಳೆದ ಇಂಚಿಗೊಂದರಂತೆ ಕೆಮ್ಮುತ್ತಿದ್ದ. “ಮೂವತ್ತನಾಲ್ಕು” ಎಂದು ಎರಡು ಸಲ ಕೆಮ್ಮಿದರೆ ಅವಳು ತುಟಿ ಪಿಟಕ್ಕೆನ್ನದೆ ಮೂವತ್ತಾರು ಎಂದು ಬರೆದುಕೊಳ್ಳುತ್ತಿದ್ದಳು. ಗಿರಾಕಿ ಕನ್ನಡಿ ನೋಡಿಕೊಂಡು ಬೀಗುತ್ತಾ ಹೋಗುತ್ತಿದ್ದ. ಅಪ್ಪನಿಂದ ಬಂದ ವಿದ್ಯೆ ಇದು. ಯಾರೋ ಪುಣ್ಯಾತ್ಮರು ಮರುಕಪಟ್ಟು ಕೆಮ್ಮಿನ ಔಷಧಿಯ ಬಾಟಲಿಯನ್ನೂ ತಂದುಕೊಟ್ಟಿದ್ದರು. ಅದು ಸಿಹಿಯಾಗಿತ್ತು, ಅವನು ನಾಲ್ಕೇ ದಿನದಲ್ಲಿ ಖಾಲಿ ಮಾಡಿದ್ದ.

ಬೆನ್ನುನೋವು ಎಂದು ಹೋದವನಿಗೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಚೀಟಿ ನೋಡಿ, “ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ. ಮೂರು ತಿಂಗಳ ಸರಾಸರಿ ಆರು ಪಾಯಿಂಟ್ ಎರಡು. ಆರೂವರೆ ಮುಟ್ಟಿದ್ರೆ ಬಂತು ಅಂತಲೇ ಲೆಕ್ಕ. ಐದು ಪಾಯಿಂಟ್ ಏಳಕ್ಕಿಂತ ಕೆಳಗಿರಬೇಕು” ಎಂದರು.

“ಅಂದ್ರೆ ಹೊಲಿಗೆ ಒಳಗೆ ಬಿಚ್ಚಿ ಬಿಡೋಕೆ ಇನ್ನೂ ಬಟ್ಟೆ ಇದೆ ಅನ್ನಿ.”

“ಇದೆ. ಜಾಸ್ತಿ ಇಲ್ಲ. ಊಟ ಸರಿ ಮಾಡ್ಕೊಂಡು, ದಿನಾ ನಡೆದು, ಮೂರು ತಿಂಗಳು ಬಿಟ್ಟು ಬನ್ನಿ.”

ಅವನಿಗೆ ಅಪ್ಪನ ಕಾಲು ನೆನಪಾಯಿತು. ಸಕ್ಕರೆ ಕಾಯಿಲೆಯ ಹುಣ್ಣಿಗೆ ಅಪ್ಪನ ಬಲಗಾಲಿನ ಮೂರು ಬೆರಳು ಹೋಗಿದ್ದವು. ಪೆಡಲು ತುಳಿಯಲಾಗದೆ ಆ ಮನುಷ್ಯ ಎರಡು ವರ್ಷ ಅಂಗಡಿಯ ಮೂಲೆಯಲ್ಲಿ ಗುಂಡಿ ಹೊಲಿಯುತ್ತಾ ಕೂತಿದ್ದ. ಬೀದಿಗೇ ಹೆಸರಾದ ಟೈಲರ್, ಕೊನೆಗೆ ಮೈ ಇಳಿದು ಇಳಿದು, ತನ್ನ ಪ್ಯಾಂಟನ್ನು ಲಾಡಿಯಿಂದ ಕಟ್ಟಿಕೊಂಡು ಓಡಾಡಿದ. ಆ ಮೆಷಿನ್ನಿನ ಪೆಡಲಿನ ಮೇಲೆಯೇ ಈಗ ಇವನ ಕಾಲು. ಅದನ್ನು ಉಳಿಸಿಕೊಳ್ಳಬೇಕಿತ್ತು, ಅಷ್ಟೇ.

ಅಲ್ಲಿಂದ ಶುರುವಾಯಿತು ಬಾಯಿ ಕಟ್ಟುವ ಕೆಲಸ. ಟೀಗೆ ಸಕ್ಕರೆ ಇಲ್ಲ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆಯೋ ಮೊಟ್ಟೆಯೋ, ಉಳಿದ ಮೂಲೆಯಲ್ಲಿ ಒಂದೇ ಸೌಟು ಅನ್ನ. ಸಂಜೆ ನಾಲ್ಕಕ್ಕೆ ತಿನ್ನುತ್ತಿದ್ದ ಸಿಹಿ ಬನ್ನಿನ ಜಾಗಕ್ಕೆ ಸೌತೆಕಾಯಿ ಬಂತು. ಸೌತೆಕಾಯಿಯ ಮೇಲೆ ಅವನಿಗೇನೂ ದ್ವೇಷವಿರಲಿಲ್ಲ, ಆದರೆ ಎಷ್ಟು ಅಗಿದರೂ ಅದು ಬನ್ನಾಗಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ನಲವತ್ತು ನಿಮಿಷ, ಊಟವಾದ ಮೇಲೆ ಹತ್ತು ನಿಮಿಷ ನಡಿಗೆ. ಎಲ್ಲಿಗೂ ಹೋಗುವುದಿಲ್ಲದೆ ನಡೆಯುವುದು ಎಂಥ ಬೇಸರದ ಕೆಲಸವೆಂದು ಅವನಿಗೆ ಆಗಲೇ ತಿಳಿದದ್ದು. ನೀರಿನ ಟ್ಯಾಂಕಿನ ತನಕ ಹೋಗಿ, ಅದನ್ನೊಮ್ಮೆ ಸುಮ್ಮನೆ ನೋಡಿ, ಹೊರಟ ಬಾಗಿಲಿಗೇ ವಾಪಸು ಬರುತ್ತಿದ್ದ. ಹಲ್ಲು ಕಚ್ಚಿಕೊಂಡು ಎಂಬತ್ತೇಳು ದಿನ ಹೀಗೇ ತಳ್ಳಿದ. ದಣಿವು ಕಾಲಿನಲ್ಲಿರಲಿಲ್ಲ, ಮನಸ್ಸಿನಲ್ಲಿತ್ತು.

ಯಾಕೆಂದರೆ ಮೈ ಇಳಿದಿದೆಯೆಂದು ಪ್ಯಾಂಟು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ತೂಕದ ಯಂತ್ರವಿಲ್ಲ. ತನ್ನ ಸೊಂಟಕ್ಕೆ ತಾನೇ ಟೇಪು ಹಿಡಿಯಬಾರದು, ಬಗ್ಗಿದರೆ ಅಳತೆ ಸುಳ್ಳಾಗುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಹಾಗಾಗಿ ಅವನು ನಂಬಿದ್ದು ಒಂದನ್ನೇ, ಪ್ಯಾಂಟಿನ ಹುಕ್ಕು. ಅವನಿಗಿದ್ದದ್ದು ಎರಡೇ ಬೂದು ಪ್ಯಾಂಟು. ಮದುವೆಯಾದಾಗಿನಿಂದ ಅವನ ಬಟ್ಟೆ ಹೊಲಿಯುವುದು ಹೆಂಡತಿ, ಹದಿನೈದು ವರ್ಷದಿಂದ ಅವಳು ಹೇಳುವ ಅಳತೆ ಮೂವತ್ತಾರು. ಬೆಳಿಗ್ಗೆ ಹುಕ್ಕು ಹಾಕುವಾಗ ಎಷ್ಟು ಉಸಿರು ಎಳೆಯಬೇಕಿತ್ತೋ, ಮೂರು ತಿಂಗಳಾದರೂ ಅಷ್ಟೇ ಎಳೆಯಬೇಕಿತ್ತು.

ಪರೀಕ್ಷೆಗೆ ಹೋಗಬೇಕಾದ ದಿನ ಅವನು ಹೋಗಲಿಲ್ಲ. ಬೇಕರಿಯಿಂದ ಬನ್ನು ತಂದು ಕಟಿಂಗ್ ಟೇಬಲ್ಲಿನ ಮೇಲಿಟ್ಟ. ಅಪ್ಪನಿಗಾದದ್ದು ನನಗೂ ಆಗಲಿ ಎನ್ನುವಷ್ಟು ಜೀವ ಬೇಸತ್ತಿತ್ತು. ಇಷ್ಟಾದ ಮೇಲೆ ಉಸಿರು ಕಟ್ಟಿಕೊಂಡಾದರೂ ಯಾಕಿರಬೇಕು ಎಂದು ಇನ್ನೊಂದು ಪ್ಯಾಂಟು ತೆಗೆದು, ಸೊಂಟವನ್ನು ಅರ್ಧ ಇಂಚು ಸಡಿಲ ಬಿಡೋಣವೆಂದು ಹಿಂಭಾಗದ ಹೊಲಿಗೆಯನ್ನು ತಿರುಗಿಸಿ ನೋಡಿದ.

ಒಳಗೆ ಒಂದು ಇಂಚು ಇರಬೇಕಾದ ಬಟ್ಟೆ ಎರಡು ಇಂಚಿತ್ತು. ಅದರ ಮೇಲೆ ಒಂದರ ಪಕ್ಕ ಒಂದು, ಬಿಚ್ಚಿದ ಹೊಲಿಗೆಯ ನಾಲ್ಕು ಸಾಲು ಸೂಜಿ ತೂತು. ಮೂವತ್ತು ವರ್ಷ ಹೊಲಿದವನಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಯಾರೋ ಈ ಪ್ಯಾಂಟಿನ ಸೊಂಟವನ್ನು ನಾಲ್ಕು ಸಲ ಹಿಡಿದು ಚಿಕ್ಕದು ಮಾಡಿದ್ದರು. ಬಿಗಿಯಾದ ಸಣ್ಣ ಹೊಲಿಗೆ, ಕೊನೆಯಲ್ಲಿ ಎರಡು ಗಂಟು. ಅಂಥ ಗಂಟು ಹಾಕುವ ಕೈ ಆ ಅಂಗಡಿಯಲ್ಲಿ ಒಂದೇ.

“ಇದೇನೇ ಇದು?” ಎಂದ.

ಹೆಂಡತಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. “ದೊಗಳೆ ಆಗಿತ್ತು. ಹಿಡಿದೆ.”

“ನನಗೊಂದು ಮಾತು ಹೇಳಬಾರದಿತ್ತಾ? ಮೂರು ತಿಂಗಳಿಂದ ಹೊಟ್ಟೆ ಕಟ್ಟಿ ಸಾಯ್ತಿದೀನಿ.”

“ಮೈ ಇಳಿದಿದ್ದು ನಿಮಗೆ ಗೊತ್ತೇ ಇದೆ ಅಂದ್ಕೊಂಡಿದ್ದೆ ರೀ.” ಅವಳು ಇಸ್ತ್ರಿಯಾದ ಅಂಗಿಯೊಂದನ್ನು ಮಡಚತೊಡಗಿದಳು. “ಒಂದಿನ ನೀವು ಬಾಗಿಲಲ್ಲಿ ನಿಂತು ಪ್ಯಾಂಟ್ ಮೇಲೆ ಎಳ್ಕೊಂಡ್ರಿ. ಥೇಟ್ ಮಾವ ನಿಂತಂಗಿತ್ತು. ನನ್ನ ಕೈಲಿ ನೋಡಕ್ಕಾಗ್ಲಿಲ್ಲ. ಅವತ್ತೇ ಹಿಡಿದೆ. ಆಮೇಲೆ ದೊಗಳೆ ಆದಾಗೆಲ್ಲ ಹಿಡೀತಾ ಬಂದೆ.”

ಅವನು ಬೆರಳಿನಿಂದ ಆ ತೂತಿನ ಸಾಲುಗಳನ್ನು ಎಣಿಸಿದ. ಆಮೇಲೆ ಏನೋ ಹೊಳೆದು ಕೇಳಿದ: “ಹಾಗಾದ್ರೆ ಮೂರು ತಿಂಗಳ ಹಿಂದೆ ನನ್ನ ಸೊಂಟ ಎಷ್ಟಿತ್ತು?”

“ಮೂವತ್ತಾರು” ಎಂದಳು. ಎಂದು ಮೂರು ಸಲ ಕೆಮ್ಮಿದಳು.

ಅವನು ಸ್ಟೂಲಿನ ಮೇಲೆ ಕೂತ. ಬೀದಿಯವರಿಗೆಲ್ಲ ಇಂಚಿನಲ್ಲಿ ಟೋಪಿ ಹಾಕಿದವನಿಗೆ ತನ್ನ ಮನೆಯಲ್ಲೇ ಹದಿನೈದು ವರ್ಷದಿಂದ ಟೋಪಿ ಬಿದ್ದಿತ್ತು. ಸೊಂಟ ಬೆಳೆದಾಗ ಬಿಡುತ್ತಾ ಬಂದಿದ್ದಳು, ಇಳಿದಾಗ ಹಿಡಿಯುತ್ತಾ ಬಂದಿದ್ದಳು. ಇವನು ಮಾತ್ರ ಹುಕ್ಕು ನಂಬಿಕೊಂಡು ಕೂತಿದ್ದ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ. ಬನ್ನನ್ನು ಅವಳ ಕಡೆ ತಳ್ಳಿದ.

ಮರುದಿನ ಹೋಗಿ ರಕ್ತ ಕೊಟ್ಟ. ಅದರ ಮರುದಿನ ಚೀಟಿ ಬಂತು, ಐದು ಪಾಯಿಂಟ್ ಎಂಟು.

“ಗೆರೆಯಿಂದ ಸ್ವಲ್ಪವೇ ಮೇಲಿದೆ, ಚೆನ್ನಾಗಿ ಇಳಿಸಿದೀರಿ” ಎಂದರು ಡಾಕ್ಟರಮ್ಮ. “ಮಾತ್ರೆ ಏನೂ ಬೇಡ. ಹೀಗೇ ನಡೆಸ್ಕೊಂಡು ಹೋಗಿ.”

“ಎಲ್ಲಿವರೆಗೆ ಡಾಕ್ಟರಮ್ಮ?”

“ಇರೋವರೆಗೆ.”

ಅವನು ಮನೆಗೆ ನಡೆದುಕೊಂಡೇ ಬಂದ. ಇರುವವರೆಗೆ ಎಂದರೆ ಎಷ್ಟು ಸೌತೆಕಾಯಿ, ನೀರಿನ ಟ್ಯಾಂಕನ್ನು ಇನ್ನೆಷ್ಟು ಸಲ ನೋಡಬೇಕು ಎಂದು ಯೋಚಿಸಿದರೆ ತಲೆ ಭಾರವಾಗುತ್ತಿತ್ತು. ಸಂತೋಷಪಡಬೇಕೆಂದು ಗೊತ್ತಿತ್ತು. ಆದರೆ ಮೂರು ತಿಂಗಳ ದಣಿವೆಲ್ಲ ಇವತ್ತೇ ಒಟ್ಟಿಗೆ ಮೈಮೇಲೆ ಬಿದ್ದಂತಿತ್ತು.

ಅಂಗಡಿಗೆ ಬಂದವನೇ ಮೊಳೆಗೆ ನೇತುಹಾಕಿದ್ದ ಟೇಪು ತೆಗೆದು ಹೆಂಡತಿಯ ಕೈಗೆ ಕೊಟ್ಟು, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಕನ್ನಡಿಗೆ ಮುಖ ಮಾಡಿ ನಿಂತ. “ಅಳತೆ ತೆಗಿ.”

ಅವಳು ಟೇಪು ಸುತ್ತಿ, ಒಂದು ಬೆರಳನ್ನು ಒಳಗಿಟ್ಟು, ಬಗ್ಗಿ ನೋಡಿದಳು. ಉಸಿರು ಎಳೆದುಕೊಳ್ಳಬಾರದೆಂದು ಅವನು ಹೊಟ್ಟೆ ಸಡಿಲ ಬಿಟ್ಟ.

“ಮೂವತ್ತಾರು” ಎಂದಳು ಗಟ್ಟಿಯಾಗಿ. ಒಂದು ಸಲ ಕೆಮ್ಮಿದಳು.

ಅವನು ಇನ್ನೊಂದು ಕೆಮ್ಮಿಗೆ ಕಾದ. ಎದುರಿನ ಬೇಕರಿಯ ಶಟರು ಎತ್ತಿದ ಸದ್ದಾಯಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದ. ಅವಳು ಟೇಪನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು.

“ಒಂದೇನಾ?”

“ಒಂದೇ.”

“ಪುಸ್ತಕದಲ್ಲಿ ಬರ್ಕೋ” ಎಂದು ಹೇಳಿ ಅವನು ಮೆಷಿನ್ನಿನ ಮುಂದೆ ಕೂತು, ಬಲಗಾಲನ್ನು ಪೆಡಲಿನ ಮೇಲಿಟ್ಟ.