ನಾನೇ ಬಿಟ್ಟೆ ಎಂದವಳು

ನನ್ನ ತಂಗಿ ಇಪ್ಪತ್ತೇಳು ವರ್ಷ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವ ತೇದವಳು. ಸೇರುವಾಗ ಒದ್ದೆ ಹಾಸುಬಟ್ಟೆ ಎತ್ತಿಹಾಕುವ ಹುಡುಗಿ. ಕೊನೆಕೊನೆಗೆ ಅಲ್ಲಿನ ಮೇಲ್ವಿಚಾರಕಿ. ನೆಲಮಾಳಿಗೆಯೇ ಅವಳ ರಾಜ್ಯ. ಹಬೆ, ಸೋಪಿನ ಘಾಟು, ಗುಡುಗುಡು ತಿರುಗುವ ಯಂತ್ರಗಳು. ಆ ಗದ್ದಲದಲ್ಲಿ ಕೂಗಿ ಕೂಗಿ ಅವಳ ದನಿ ಮನೆಯಲ್ಲೂ ತಗ್ಗುತ್ತಿರಲಿಲ್ಲ. ಉಪ್ಪು ಕೊಡು ಅಂದರೂ ಜಗಳಕ್ಕೆ ಕರೆದ ಹಾಗಿರುತ್ತಿತ್ತು. ಕೈಕೆಳಗಿನವರು ಅವಳಿಗೆ ‘ಇಸ್ತ್ರಿಪೆಟ್ಟಿಗೆ’ ಎಂದು ಹೆಸರಿಟ್ಟಿದ್ದರು. ಮುಟ್ಟಿದರೆ ಸುಡುತ್ತಾಳೆ, ಆದರೆ ಅವಳ ಕೈ ಹಾದುಹೋದ ಮೇಲೆ ಎಲ್ಲೂ ಸುಕ್ಕು ಉಳಿಯುವುದಿಲ್ಲ ಎಂದು. ಅದು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹಿಗ್ಗುತ್ತಿದ್ದಳು.

ಅವಳಿಗೆ ಐವತ್ತನಾಲ್ಕು ತುಂಬಿದ ವರ್ಷ ಆಸ್ಪತ್ರೆಯವರು ಬಟ್ಟೆಯ ಕೆಲಸವನ್ನೆಲ್ಲ ಹೊರಗಿನ ಗುತ್ತಿಗೆದಾರನಿಗೆ ವಹಿಸಿ, ನೆಲಮಾಳಿಗೆಗೆ ಬೀಗ ಜಡಿದರು. ಎಲ್ಲರನ್ನೂ ಸಾಲಾಗಿ ಕೂರಿಸಿ, ಚಹಾ ಕುಡಿಸಿ, ತಲೆಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಹೊತ್ತು ನೋಡುವ ದರ್ದೇ ಇಲ್ಲದಂತೆ ಮಾಡಿ ಕೈಗೆ ಗಡಿಯಾರ!

ಅವಳು ಮನೆಗೆ ಬರುವ ಹೊತ್ತಿಗೆ ನಾದಿನಿ ಬಂದು ಕೂತಿದ್ದಳು. ಅವಳ ಕಣ್ಣು ನೆಟ್ಟಗೆ ಗಡಿಯಾರದ ಡಬ್ಬಿಯ ಮೇಲೆ.

“ಏನತ್ತಿಗೆ, ಇಷ್ಟು ಬೇಗ? ಕೈಯಲ್ಲೇನೋ ಉಡುಗೊರೆ ಬೇರೆ?”

“ಕೆಲಸ ಬಿಟ್ಟೆ.”

“ಬಿಟ್ರೋ, ಬಿಡಿಸಿದ್ರೋ?”

“ನಾನೇ ಬಿಟ್ಟೆ ಕಣೆ. ಸಾಕಾಗಿತ್ತು. ಇನ್ನು ಆರಾಮಾಗಿರ್ತೀನಿ.”

ಬಾಯಿಂದ ಜಾರಿದ ಆ ಮಾತು ಸಂಜೆಯೊಳಗೆ ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ ಬಂತು. ನನಗೂ ಫೋನಿನಲ್ಲಿ ಅದನ್ನೇ ಹೇಳಿದಳು. ನಾನು ನಂಬಲಿಲ್ಲ, ಕೆದಕಲೂ ಇಲ್ಲ. ಅವಳ ಗಂಡ ಬಸ್ಸು ಓಡಿಸುತ್ತಿದ್ದವನು. ಬೆನ್ನುಮೂಳೆ ಕೈಕೊಟ್ಟು ಮನೆ ಹಿಡಿದಿದ್ದ. ಮಗಳ ಓದು ಇನ್ನೂ ಅರ್ಧದಲ್ಲಿತ್ತು. ಆ ಮನೆಯ ಒಲೆ ಉರಿಯುತ್ತಿದ್ದುದೇ ಇವಳ ದುಡಿಮೆಯಿಂದ. ಆರಾಮಾಗಿರುವ ಭಾಗ್ಯ ಅವಳ ಹಣೆಯಲ್ಲಿ ಬರೆದಿರಲಿಲ್ಲ.

ಮರುವಾರವೇ ಗುಟ್ಟಾಗಿ ಕೆಲಸದ ಬೇಟೆ ಶುರುವಾಯಿತು. ಮಗಳು ಕಂಪ್ಯೂಟರಿನ ಮುಂದೆ, ತಾಯಿ ಪಕ್ಕದ ಸ್ಟೂಲಿನ ಮೇಲೆ.

“ಅಮ್ಮ, ಅರ್ಜಿಯಿಂದ ಮೊದಲ ಹತ್ತು ವರ್ಷದ ಕೆಲಸ ತೆಗೆದುಬಿಡೋಣ. ವಯಸ್ಸು ಗೊತ್ತಾಗುತ್ತೆ.”

“ತೆಗೆದು ಎಲ್ಲಿಡ್ತೀಯೆ?”

“ಅಮ್ಮಾ! ಎಲ್ಲರೂ ಹಾಗೇ ಮಾಡೋದು.”

“ಆ ಹತ್ತು ವರ್ಷದಲ್ಲೇ ಕಣೆ ನಾನು ಕೆಲಸ ಕಲಿತಿದ್ದು. ಹೋಗ್ಲಿ, ತೆಗಿ. ನಿನ್ನ ಹೆತ್ತಿದ್ದೂ ಆವಾಗ್ಲೇ, ಅದನ್ನೂ ತೆಗಿ.”

ತಲೆಗೆ ಬಣ್ಣ ಬಳಿದದ್ದೂ ಆಯಿತು. ಕೂದಲು ಕಪ್ಪಾಯಿತು, ಅದರ ಕೆಳಗಿನ ಮುಖ ಇದ್ದಂತೆಯೇ ಇತ್ತು. ಬಾವಿಗೆ ಕಲ್ಲು ಹಾಕಿದರೆ ಡುಬುಕ್ ಎಂದಾದರೂ ಅನ್ನುತ್ತದೆ, ಕಂಪ್ಯೂಟರಿಗೆ ಹಾಕಿದ ಅರ್ಜಿ ಅದನ್ನೂ ಅನ್ನಲಿಲ್ಲ. ಅಪರೂಪಕ್ಕೆ ಎಲ್ಲಿಂದಲಾದರೂ ಕರೆ ಬಂದರೆ ಒಳ್ಳೆಯ ಸೀರೆಯುಟ್ಟು, ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಒಂದು ಕಡೆ ಮಗಳ ವಯಸ್ಸಿನವಳೊಬ್ಬಳು, ಐದು ವರ್ಷ ಆದ ಮೇಲೆ ನೀವು ಎಲ್ಲಿರಬೇಕು ಅಂತಿದ್ದೀರಿ ಎಂದು ಕೇಳಿದಳಂತೆ. “ಬದುಕಿದ್ರೆ ಸಾಕು ಅಂತ ಇದೀನಮ್ಮ,” ಎಂದು ಬಂದಿದ್ದಳು ಇವಳು. ಮಗಳು ತಲೆತಲೆ ಚಚ್ಚಿಕೊಂಡಳು.

ಆದರೆ ಇವಳಿಗೆ ಅಡ್ಡವಾಗುತ್ತಿದ್ದುದು ಬೇರೆಯದೇ ಪ್ರಶ್ನೆ. ಹೋದಲ್ಲೆಲ್ಲ, ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು. ನಾನೇ ಬಿಟ್ಟೆ ಎಂದು ಇವಳು ಕತ್ತೆತ್ತಿ ಹೇಳುತ್ತಿದ್ದಳು. ಅಷ್ಟು ವರ್ಷ ಇದ್ದವಳು ಈ ವಯಸ್ಸಿನಲ್ಲಿ ತಾನಾಗಿ ಬಿಟ್ಟಳೆಂದರೆ ಯಾರ ಜೊತೆಗೋ ಜಗಳವಾಡಿ ಬಂದಿರಬೇಕು ಎಂದುಕೊಳ್ಳುತ್ತಿದ್ದರು ಅವರು. ಆಮೇಲೆ ತಿಳಿಸುತ್ತೇವೆ ಎಂದು ನಗುನಗುತ್ತಾ ಬಾಗಿಲು ತೋರಿಸುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಆ ‘ಆಮೇಲೆ’ ಬರಲಿಲ್ಲ.

ಹೀಗೆ ನಾಲ್ಕೈದು ತಿಂಗಳು ಸವೆಯಿತು. ಒಂದು ಬೆಳಿಗ್ಗೆ ತರಕಾರಿ ಅಂಗಡಿಯ ಮುಂದೆ ವ್ಯಾನಿನವನು ಸಿಕ್ಕಿದ. ಊರಿನ ಆಸ್ಪತ್ರೆ, ಹೋಟೆಲುಗಳಿಗೆಲ್ಲ ಒಗೆದ ಬಟ್ಟೆ ಹೊರುವವನು ಅವನು. ಎಲ್ಲಿ ಯಾರು ಬಿಟ್ಟರು, ಎಲ್ಲಿ ಯಾರು ಬೇಕಾಗಿದ್ದಾರೆ ಎನ್ನುವುದೆಲ್ಲ ಆ ಮೂಟೆಗಳ ಜೊತೆ ಅವನ ವ್ಯಾನಿನಲ್ಲೇ ಓಡಾಡುತ್ತಿತ್ತು. ಆ ಕಸುಬಿನಲ್ಲಿ ಕೆಲಸ ಸಿಗುತ್ತಿದ್ದುದೇ ಹಾಗೆ. ಇವಳೂ ಎಷ್ಟೋ ಜನರನ್ನು ಅವನ ಬಾಯಿಮಾತಿನ ಮೇಲೆ ಸೇರಿಸಿಕೊಂಡಿದ್ದಳು.

“ಮೇಡಂ! ಗುರುತೇ ಸಿಗಲಿಲ್ಲ. ತಲೆಗೆ ಬಣ್ಣ ಗಿಣ್ಣ, ಜೋರು! ಕೂತು ತಿನ್ನೋ ಯೋಗ ಅಂದ್ರೆ ನಿಮ್ಮದು.”

“ಹೂಂ. ನಿಂದು ಹೇಗೆ?”

“ಅದೇ ವ್ಯಾನು, ಅದೇ ಮೂಟೆ. ಈಗೊಂದು ತಿಂಗಳಲ್ಲಿ ಎರಡು ಕಡೆ ಮೇಲ್ವಿಚಾರಕಿ ಬೇಕು ಅಂದ್ರು. ನಿಮ್ಮ ಹೆಸರು ನಾಲಿಗೆ ತುದಿಗೆ ಬಂದಿತ್ತು ಮೇಡಂ. ಆದ್ರೆ ಲಾಂಡ್ರಿ ಮುಚ್ಚೋ ಮುಂಚೆ ನೀವೇ ಸಾಕು ಅಂತ ಬಿಟ್ಟಿರಿ ಅಂತ ಎಲ್ಲರೂ ಅಂದ್ರು, ಸುಮ್ಮನೆ ಯಾಕೆ ತೊಂದರೆ ಕೊಡೋದು ಅಂತ ಬೇರೆಯವರನ್ನ ಹಾಕಿಸಿದೆ.”

“ಒಳ್ಳೇದಾಯ್ತು ಬಿಡು,” ಎಂದಳು ನನ್ನ ತಂಗಿ.

ಚೀಲ ಹಿಡಿದು ತಿರುವಿನ ತನಕ ನಡೆದಳು. ಅಲ್ಲಿಂದ ಮುಂದಕ್ಕೆ ಕಾಲು ಏಳಲಿಲ್ಲವಂತೆ. ಹಿಂದೆ ವ್ಯಾನು ಹೊರಟ ಸದ್ದು ಕೇಳಿತು. ತಿರುಗಿ ಬಂದವಳೇ, ಆಸ್ಪತ್ರೆಯಲ್ಲಿದ್ದಾಗ ಮೂಟೆ ತುಂಬಿದ ಮೇಲೆ ಬಡಿಯುತ್ತಿದ್ದ ಹಾಗೆ, ವ್ಯಾನಿನ ಪಕ್ಕೆಗೆ ದಬದಬ ಬಡಿದಳು. ಅವನು ಗಾಬರಿಬಿದ್ದು ನಿಲ್ಲಿಸಿದ.

“ನಾನು ಬಿಡಲಿಲ್ಲ ಕಣೋ! ತೆಗೆದುಹಾಕಿದ್ರು. ನಂಗೆ ಕೆಲಸ ಬೇಕು.”

ಮೆಲ್ಲಗೆ ಹೇಳಬೇಕೆಂದೇ ಬಾಯಿ ತೆರೆದಿದ್ದಳು. ಆದರೆ ಆ ಗಂಟಲಿಗೆ ಮೆಲ್ಲಗೆ ಎಂಬುದು ತಿಳಿದಿದ್ದರೆ ತಾನೆ? ಬೀದಿಗೆ ಬೀದಿಯೇ ತಿರುಗಿ ನೋಡಿತು. ತರಕಾರಿಯವಳು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಇದನ್ನ ಆವತ್ತೇ ಹೇಳೋಕೆ ಏನಾಗಿತ್ತು ಮೇಡಂ?”

“ಬಾಯಲ್ಲಿ ಹುಣ್ಣಾಗಿತ್ತು. ಈಗೇನಾದ್ರೂ ಇದ್ರೆ ಹೇಳು.”

ಅವನು ತಲೆ ಕೆರೆದುಕೊಂಡ. “ಸ್ಟೇಷನ್ ಹತ್ತಿರದ ಹೋಟೆಲಲ್ಲಿ ಒಂದಿದೆ. ಆದ್ರೆ ಅದು ನಿಮ್ಮಂಥವರಿಗಲ್ಲ. ದೊಡ್ಡ ಇಸ್ತ್ರಿ ಯಂತ್ರದ ಮುಂದೆ ಇಡೀ ದಿನ ನಿಲ್ಲೋದು.”

“ನನ್ನಂಥವರು ಅಂದ್ರೆ ಯಾರೋ? ವಿಳಾಸ ಹೇಳು.”

ಮರುದಿನವೇ ಹೋದಳು. ಹೋಟೆಲಿನ ಹಿಂಬಾಗಿಲು, ಕತ್ತಲೆ ಮೆಟ್ಟಿಲು, ಕೆಳಗೆ ಮತ್ತದೇ ಹಬೆ. ಮ್ಯಾನೇಜರ್ ನಿಂತೇ ಮಾತಾಡಿಸಿದ. ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಅವನೂ ಕೇಳಿದ.

“ಬಿಡಲಿಲ್ಲ. ಗುತ್ತಿಗೆಗೆ ಕೊಟ್ಟು ನಮ್ಮನ್ನೆಲ್ಲ ಮನೆಗೆ ಕಳಿಸಿದ್ರು.”

ಅವನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. “ಎಲ್ಲಾ ಕಡೆ ಅದೇ ಆಗಿದೆ,” ಎಂದು ಮುಂದಿನ ಮಾತಿಗೆ ಹೋದ. ಇಷ್ಟು ತಿಂಗಳು ಅವಳ ಗಂಟಲಲ್ಲಿ ಮುಳ್ಳಾಗಿದ್ದದ್ದು ಅವನಿಗೆ ಒಂದು ಆಕಳಿಕೆಯಷ್ಟೂ ಆಗಲಿಲ್ಲ.

“ನೀವು ಮೇಲ್ವಿಚಾರಕಿ ಆಗಿದ್ದವರು. ಇಲ್ಲಿ ನಿಮ್ಮ ಕೈಕೆಳಗೆ ಯಾರೂ ಇರಲ್ಲ.”

“ಪರವಾಗಿಲ್ಲ. ಗಂಟಲಿಗೆ ವಿಶ್ರಾಂತಿ.”

“ಕಾಲು ತಡೆಯುತ್ತಾ?”

“ಸಂಜೆ ಹೊತ್ತಿಗೆ ನೋಯುತ್ತೆ. ನಿಲ್ತೀನಿ.”

ಅವನು ಅವಳ ಚಪ್ಪಲಿಯನ್ನೊಮ್ಮೆ ನೋಡಿದ. “ನಾಳೆ ಬೆಳಗಿನ ಪಾಳಿಗೆ ಬನ್ನಿ. ರಬ್ಬರ್ ಅಟ್ಟೆಯ ಶೂ ಹಾಕ್ಕೊಂಡು.”

ಬಸ್ ನಿಲ್ದಾಣದಿಂದ ನನಗೆ ಫೋನು ಮಾಡಿದಳು.

“ಅಣ್ಣಾ, ಕೆಲಸ ಸಿಕ್ತು. ಇಸ್ತ್ರಿ ಮಾಡೋದು.”

“ಮೇಲ್ವಿಚಾರಣೆಯಾ?”

“ಅಲ್ಲ. ಮಾಡೋದು. ಬೇರೆ ಸಿಕ್ಕೋ ತನಕ ಇದೇ. ವ್ಯಾನಿನವನಿಗೆ ಹೇಳಿಟ್ಟಿದ್ದೀನಿ. ನೀನೂ ಹೇಳು, ಕಂಡಕಂಡವರಿಗೆಲ್ಲ ಹೇಳು, ನನ್ನ ತೆಗೆದುಹಾಕಿದ್ರು ಅಂತ. ನನ್ನ ನಾದಿನಿಗೆ ಮೊದಲು ಹೇಳು. ಒಬ್ಬೊಬ್ಬರಿಗೂ ಕೂತು ಹೇಳೋ ಶಕ್ತಿ ನನಗಿಲ್ಲ.”

ಅವಳ ಹಿಂದೆ ಬಸ್ಸೊಂದು ಬಂದು ನಿಂತ ಸದ್ದು ಕೇಳಿಸಿತು. ಹತ್ತಿ, ಹತ್ತಿ ಎಂದು ಯಾರೋ ಕೂಗುತ್ತಿದ್ದರು.

“ನಿನ್ನ ಬಸ್ಸಲ್ವೇನೆ ಅದು?”

“ಹೂಂ, ನಂದೇ. ಹೋಗ್ಲಿ ಬಿಡು. ಸ್ವಲ್ಪ ಹೊತ್ತು ಕೂತಿರ್ತೀನಿ.”