ಸುದ್ದಿಯಕ್ಕ ಮತ್ತು ಐದನೆಯ ಪುಟ

ಅವಳಿಗೆ ಸುದ್ದಿಯಕ್ಕ ಎಂದು ಹೆಸರಿಟ್ಟವರು ಅವಳಂತೆಯೇ ಲೈಬ್ರರಿ ನಡೆಸುವ ಸುತ್ತಲಿನ ಊರುಗಳ ಗ್ರಂಥಪಾಲಕರು. ಹಾಗೆಂದು ಅವಳು ಯಾರ ಮನೆಯ ಮಾತನ್ನೂ ಇನ್ನೊಂದು ಮನೆಗೆ ದಾಟಿಸಿದವಳಲ್ಲ. ಅವಳದೆಲ್ಲ ಲೈಬ್ರರಿಗಳ ಸುದ್ದಿ. ಮಕ್ಕಳ ಪುಸ್ತಕಗಳು ಯಾವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್ ಯಾವುದು, ಗೆದ್ದಲು ಹತ್ತಿದ ಕಪಾಟನ್ನು ಪಕ್ಕದ ಊರಿನವರು ಹೇಗೆ ಉಳಿಸಿಕೊಂಡರು, ಇಂಥವನ್ನು ಹೆಕ್ಕಿ ಪ್ರತಿ ಸೋಮವಾರ ಒಂದು ಪುಟ ಬರೆದು ಎಲ್ಲರ ಮೊಬೈಲಿಗೆ ಕಳಿಸುತ್ತಿದ್ದಳು. ಒಂದೇ ಕೋಣೆಯ ಲೈಬ್ರರಿಯಲ್ಲಿ ಬೀಗ ತೆಗೆಯುವವರೂ ತಾವೇ, ಕಸ ಗುಡಿಸುವವರೂ ತಾವೇ ಆದವರಿಗೆ ಹೊರಗಿನ ವಿಷಯ ತಿಳಿಸುವವರು ಯಾರು? ಯಾರೂ ಅವಳನ್ನು ಕೇಳಿರಲಿಲ್ಲ, ಯಾರೂ ವಹಿಸಿರಲಿಲ್ಲ. ದೇವರು ಕೈಗಿತ್ತ ಕೆಲಸ ಎಂದುಕೊಂಡು ಶುರುಮಾಡಿದ್ದಳು, ಒಂದು ವಾರವೂ ತಪ್ಪಿಸಿರಲಿಲ್ಲ.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾನು ಬ್ರೇಕ್ ನೋಡದೆ ಬಸ್ಸು ಬಿಡುವುದಿಲ್ಲ, ಇವಳು ತೆರೆದು ನೋಡದೆ ಲಿಂಕ್ ಬಿಡುವುದಿಲ್ಲ, ಒಳ್ಳೆ ಜೋಡಿ ಎಂದು ನಗುತ್ತಿದ್ದ. ಅದು ನಿಜವೇ. ಅವಳ ಲೈಬ್ರರಿಯ ಕಂಪ್ಯೂಟರು, ಗುಂಡಿ ಒತ್ತಿ ಕಪಾಟುಗಳ ಧೂಳು ಒರೆಸಿ ಬಂದರೂ ಇನ್ನೂ ಕಣ್ಣುಜ್ಜುತ್ತಾ ಕೂತಿರುವಂಥದ್ದು. ಇದರಲ್ಲಿ ತೆರೆದುಕೊಂಡದ್ದು ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ ಎಂಬುದು ಅವಳ ಲೆಕ್ಕ.

ತೆರೆದು ನೋಡಿಯೂ ಒಮ್ಮೆ ಎಡವಿದಳು.

ಹಳೆಯ ದಿನಪತ್ರಿಕೆಯೊಂದು ತನ್ನ ಹಿಂದಿನ ಸಂಚಿಕೆಗಳನ್ನೆಲ್ಲ ಜಾಲತಾಣಕ್ಕೆ ಏರಿಸಿತ್ತು. ದಿನಾಂಕ ಒತ್ತಿದರೆ ಸಾಕು, ಆ ದಿನದ ಪುಟಗಳೆಲ್ಲ ಕಣ್ಣೆದುರು. ಅಕ್ಕ ಹಿಂದುಮುಂದು ಹತ್ತಾರು ದಿನಗಳನ್ನು ತೆರೆದು ನೋಡಿ ಹಿಗ್ಗಿದಳು. ಆ ಸೋಮವಾರದ ಪುಟದಲ್ಲಿ ಅದನ್ನು ಹೊಗಳಿ ಬರೆದು, ಕೊನೆಗೊಂದು ವಾಕ್ಯ ಸೇರಿಸಿದಳು: ಜಾಗದ ತೊಂದರೆ ಇರುವವರು ಈ ಪತ್ರಿಕೆಯ ಹಳೆಯ ಕಟ್ಟುಗಳನ್ನು ಇನ್ನು ವಿಲೇವಾರಿ ಮಾಡಬಹುದು.

ಕೆಲವು ವಾರ ಕಳೆದ ಮೇಲೆ, ಎದುರು ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಬಂದಳು. ಅವಳ ಅಪ್ಪ ದೋಣಿ ನಡೆಸುತ್ತಿದ್ದವನು. ಮಗುಚಿದ ದೋಣಿಯೊಂದರಿಂದ ಶಾಲೆ ಮಕ್ಕಳನ್ನು ಎತ್ತಿ ದಡಕ್ಕೆ ಹಾಕಿದಾಗ ಪೇಪರಿನಲ್ಲಿ ಅವನ ಫೋಟೋ ಬಂದಿತ್ತಂತೆ. ಮನೆಯಲ್ಲಿ ಅವನ ಇನ್ನೊಂದು ಚಿತ್ರವಿಲ್ಲ. ಇವಳಿಗೆ ನೆನಪು ಮೂಡುವ ಮೊದಲೇ ಅವನು ತೀರಿಕೊಂಡಿದ್ದ. ದಿನಾಂಕ ಮಾತ್ರ ಬಾಯಿಪಾಠ, ಏಕೆಂದರೆ ಫೋಟೋ ಬಂದ ಮರುದಿನವೇ ಇವಳು ಹುಟ್ಟಿದ್ದು. ಐದನೆಯ ಪುಟ, ಬಲಗಡೆ ಮೇಲ್ಗಡೆ ಎಂದು ಅಮ್ಮ ಹೇಳುತ್ತಿದ್ದಳಂತೆ.

ಅಕ್ಕ ಹೆಮ್ಮೆಯಿಂದಲೇ ಆ ದಿನವನ್ನು ತೆರೆದಳು. ಐದನೆಯ ಪುಟದಲ್ಲಿ ರಾಜಧಾನಿಯ ನಲ್ಲಿನೀರಿನ ಜಗಳವಿತ್ತು. ಹಿಂದಿನ ದಿನ ನೋಡಿದಳು, ಮುಂದಿನ ದಿನ ನೋಡಿದಳು. ದೋಣಿಯೂ ಇಲ್ಲ, ದೋಣಿಯವನೂ ಇಲ್ಲ. ಆಮೇಲೆ ಪುಟದ ನೆತ್ತಿಯ ಮೇಲಿದ್ದ ಇರುವೆಯಂಥ ಅಕ್ಷರಗಳು ಕಣ್ಣಿಗೆ ಬಿದ್ದವು: ನಗರ ಆವೃತ್ತಿ.

ಆಗ ಅವಳಿಗೆ ಹೊಳೆಯಿತು. ಆ ಪತ್ರಿಕೆ ಐದನೆಯ ಪುಟವನ್ನು ಒಂದೊಂದು ಜಿಲ್ಲೆಗೆ ಒಂದೊಂದು ಬಗೆಯಲ್ಲಿ ಅಚ್ಚುಹಾಕುತ್ತಿತ್ತು. ಜಾಲತಾಣಕ್ಕೆ ಏರಿದ್ದು ನಗರದ್ದೊಂದೇ. ಉಳಿದ ಊರುಗಳ ಪುಟಗಳು ಇರುವುದು ಸಣ್ಣ ಲೈಬ್ರರಿಗಳ ಕಟ್ಟುಗಳಲ್ಲಿ ಮಾತ್ರ. ಆ ಕಟ್ಟುಗಳನ್ನೇ ಎಸೆಯಬಹುದೆಂದು ಅವಳು ಬರೆದುಬಿಟ್ಟಿದ್ದಳು.

ಸೋಮವಾರಕ್ಕೆ ಕಾಯಲಿಲ್ಲ. "ನಾನು ಬರೆದದ್ದು ತಪ್ಪು. ಕಟ್ಟುಗಳನ್ನು ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ಹೋಗಿ ತನ್ನಿ" ಎಂದು ಆಗಲೇ ಕಳಿಸಿದಳು. ಉತ್ತರಗಳು ಬಂದವು. ಒಬ್ಬರು ಇನ್ನೂ ಓದಿಯೇ ಇರಲಿಲ್ಲ, ಇನ್ನೊಬ್ಬರಿಗೆ ಅಟ್ಟ ಹತ್ತಲು ಸೊಂಟನೋವು, ಮತ್ತೊಬ್ಬರು ನಾಳೆ ನಾಳೆ ಎಂದು ಬಿಟ್ಟಿದ್ದರು. ಸೋಮಾರಿತನಕ್ಕೂ ಒಂದೊಂದು ಸಲ ಪುಣ್ಯ ಬರುತ್ತದೆ. ಉತ್ತರ ಬಾರದೆ ಉಳಿದದ್ದು ಪಕ್ಕದೂರಿನ ಮೇಷ್ಟ್ರದೊಂದೇ. ಶಾಲೆಯಲ್ಲಿ ಪಾಠ ಹೇಳುವುದು ಬಿಟ್ಟು ಲೈಬ್ರರಿ ಸೇರಿದ ಅವರು, ಅಕ್ಕ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು. ಈ ಜಿಲ್ಲೆಯ ಪೂರ್ತಿ ಕಟ್ಟುಗಳು ಇದ್ದದ್ದೂ ಅವರ ಹತ್ತಿರವೇ. ಅಕ್ಕನ ಲೈಬ್ರರಿಯವು ಸೋರುವ ಸೂರಿನಡಿ ಎಂದೋ ಕೊಳೆತಿದ್ದವು. ಅವರ ಫೋನು ಸ್ವಿಚ್ ಆಫ್.

ಅಕ್ಕ ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಟೈಲರಮ್ಮ ಹೊಲಿಗೆಯ ಚೀಲ ಹೆಗಲಿಗೇರಿಸಿಕೊಂಡು ಹಿಂದೆಯೇ ಬಂದಳು. ಬೇಡ ಅಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಅಕ್ಕನ ತುಟಿ ಪ್ರಾರ್ಥನೆಯಲ್ಲಿ ಸಣ್ಣಗೆ ಅಲುಗುತ್ತಿತ್ತು.

ಮೇಷ್ಟ್ರು ಖಾಲಿ ಕಪಾಟನ್ನು ಮದುವೆ ಮನೆ ತೋರಿಸುವಂತೆ ತೋರಿಸಿದರು. ವಾರಗಟ್ಟಲೆ ಕರೆದ ಮೇಲೆ ಬೆಳಿಗ್ಗೆಯಷ್ಟೇ ಗುಜರಿಯವನು ಬಂದು ಒಯ್ದಿದ್ದನಂತೆ. ವಿಷಯ ತಿಳಿದಾಗ ಅವರ ಮುಖ ಇಂಗು ತಿಂದ ಮಂಗನಂತಾಯಿತು.

"ನೀವು ಬರೆದ್ರಿ ಅಂತಲೇ ಕೊಟ್ಟೆ ಅಕ್ಕಾ. ಬೇರೆ ಯಾರು ಹೇಳಿದ್ರೂ ಮುಟ್ತಿರ್ಲಿಲ್ಲ."

ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಅಕ್ಕ ಅದನ್ನು ನುಂಗಿಕೊಂಡಳು. "ಅದಕ್ಕೇ ನಾನೇ ಬಂದಿದ್ದು. ಗುಜರಿ ಅಂಗಡಿ ಎಲ್ಲಿ ತೋರಿಸಿ ಮೇಷ್ಟ್ರೇ" ಎಂದಳು.

ಅಂಗಡಿಯ ಅಂಗಳದಲ್ಲಿ ಕಟ್ಟುಗಳು ಮುರುಕು ಕುರ್ಚಿಗಳ ನಡುವೆ ಬಿದ್ದಿದ್ದವು. ಸಂಜೆಯ ಲಾರಿಗೆ ಹೊರಡಬೇಕಾದವು. ಗುಜರಿಯವನು ಕೆಟ್ಟವನಲ್ಲ, ಆದರೆ ಲಾರಿಯವನಿಗೆ ಇಷ್ಟು ತೂಕ ಎಂದು ಮಾತು ಕೊಟ್ಟಾಗಿತ್ತು. ದುಡ್ಡು ವಾಪಸ್ ಕೊಟ್ಟರೂ ಬೇಡವೆಂದ. ಇವುಗಳಲ್ಲಿ ಊರಿನವರ ಹುಟ್ಟುಸಾವೆಲ್ಲ ಇದೆ ಎಂದು ಮೇಷ್ಟ್ರು ಪಾಠ ಶುರುಮಾಡಿದಾಗ ಅವನು ತಲೆ ಕೆರೆದುಕೊಂಡ.

"ಇರಬಹುದು ಸ್ವಾಮೀ. ನನಗೆ ಓದಕ್ಕೆ ಬರೋದು ತಕ್ಕಡಿ ಒಂದೇ. ತೂಕಕ್ಕೆ ತೂಕ ಕೊಡಿ, ತಗೊಂಡು ಹೋಗಿ."

ಅಷ್ಟರಲ್ಲಿ ಟೈಲರಮ್ಮ ಕಾವಿಗೆ ಕೂತ ಕೋಳಿಯಂತೆ ಕಟ್ಟುಗಳ ಮೇಲೆ ಕೂತಾಗಿತ್ತು. ಲಾರಿ ಬರಲಿ, ಲಾರಿಯಪ್ಪ ಬರಲಿ, ಅವಳು ಏಳುವ ಹಾಗಿರಲಿಲ್ಲ.

ಅಕ್ಕ ಮೇಷ್ಟ್ರನ್ನು ಲೈಬ್ರರಿಗೆ ಕರೆದೊಯ್ದಳು. ಪಠ್ಯ ಬದಲಾಗಿ, ದಾಖಲೆಯಿಂದಲೂ ತೆಗೆದುಹಾಕಿದ್ದ ಪರೀಕ್ಷೆಯ ಗೈಡುಗಳು ಒಂದು ಮೂಲೆ ತುಂಬ ಇದ್ದವು. ಮೇಷ್ಟ್ರಿಗೆ ಅವುಗಳ ಮೇಲೆ ಜೀವ. ಯಾರಿಗಾದರೂ ಬೇಕಾಗಬಹುದು ಎಂದರು. ಕೊನೆಯ ಸಲ ಯಾರು ಕೇಳಿದ್ದು ಎಂದು ಅಕ್ಕ ಕೇಳಿದಳು. ಮೇಷ್ಟ್ರು ತಾವೇ ಮೊದಲ ಹೊರೆ ಎತ್ತಿದರು. ಕೈಗಾಡಿಯಲ್ಲಿ ಹೋಗಿ ಬಂದು, ಹೋಗಿ ಬಂದು, ತಕ್ಕಡಿಯ ಮುಳ್ಳು ನಡುವೆ ನಿಲ್ಲುವ ಹೊತ್ತಿಗೆ ಇಬ್ಬರ ಬಟ್ಟೆಯೂ ಧೂಳಿನ ಬಣ್ಣಕ್ಕೆ ತಿರುಗಿತ್ತು. ಗುಜರಿಯವನು ಕೈ ಝಾಡಿಸಿಕೊಂಡು, ಸರಿ ಒಯ್ಯಿರಿ ಎಂದ.

ಟೈಲರಮ್ಮ ಕೂತಲ್ಲೇ ತನ್ನ ವರ್ಷದ ಕಟ್ಟನ್ನು ಹುಡುಕಿ ತೆಗೆದು ಮಡಿಲ ಮೇಲೆ ಹರಡಿಕೊಂಡಿದ್ದಳು. ಐದನೆಯ ಪುಟ, ಬಲಗಡೆ, ಮೇಲ್ಗಡೆ. ಒದ್ದೆ ಅಂಗಿಯ ತೆಳ್ಳನೆಯ ಮನುಷ್ಯನೊಬ್ಬ ಕ್ಯಾಮೆರಾಕ್ಕೆ ಹೆದರಿದವನಂತೆ ನಿಂತಿದ್ದ. ಅವಳು ಆ ಮುಖದ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಕೈ ತಾನಾಗಿ ಚೀಲದೊಳಗಿನ ಕತ್ತರಿಗೆ ಹೋಯಿತು.

"ಇಷ್ಟೇ ಇಷ್ಟು ಕತ್ತರಿಸ್ಕೊಳ್ಲಾ ಅಕ್ಕಾ? ಅಂಚು ಕೂಡ ಹರಿಯಲ್ಲ."

"ಬೇಡಮ್ಮ. ಫೋಟೋ ತಕ್ಕೋ, ಎಷ್ಟು ಬೇಕಾದ್ರೂ ತಕ್ಕೋ. ಕತ್ತರಿ ಮಾತ್ರ ಬೇಡ. ಹಿಂದಿನ ಪುಟದಲ್ಲಿ ಇನ್ಯಾರದೋ ಅಪ್ಪ ಇರ್ತಾರೆ."

ಟೈಲರಮ್ಮ ಪುಟ ತಿರುವಿ ನೋಡಿದಳು. ಹಿಂದೆ ಇದ್ದದ್ದು ಸಿಮೆಂಟಿನ ಜಾಹೀರಾತು. ಅವಳಿಗೆ ಕಣ್ಣೀರಿನ ನಡುವೆಯೇ ನಗು ಬಂತು, ಮೇಷ್ಟ್ರೂ ನಕ್ಕರು.

ಅಕ್ಕ ನಗಲಿಲ್ಲ. "ಅದೂ ಇರ್ಲಿ" ಎಂದು ಕಟ್ಟನ್ನು ಮುಚ್ಚಿ ಕೈಗಾಡಿಯ ಮೇಲಿಟ್ಟಳು.